ಮಕ್ಕಳ ಹಲ್ಲು, ಮೂಳೆ ಮತ್ತು ಫ್ಲೋರೈಡ್: ಪೇಸ್ಟಿಗಿಂತ ಮೊದಲು ನೀರು ನೋಡಿ

"ಫ್ಲೋರೈಡ್ ಪೇಸ್ಟ್ ವಿಷ, ಇಂದೇ ಎಸೆಯಿರಿ" ಎಂಬ ಮೆಸೇಜ್ ನಿಮ್ಮ ಗ್ರೂಪಿಗೂ ಬಂದಿರಬಹುದು. ಎಸೆಯುವ ಮೊದಲು ಒಂದು ಪ್ರಶ್ನೆ: ನಿಮ್ಮ ಮಗು ಕುಡಿಯುತ್ತಿರುವುದು ಎಲ್ಲಿಯ ನೀರು?

ಮುಂಬೈಗೆ ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ನೀರು, ಪುಣೆಗೆ ಖಡಕ್‌ವಾಸ್ಲಾ ನೀರು. ಕೆರೆ, ನದಿಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಅಲ್ಲಿ ಮಕ್ಕಳಿಗೆ ಕಾಡುವುದು ಬಿಸ್ಕತ್ತು, ಚಾಕಲೇಟಿನಿಂದ ಬರುವ ಹುಳುಕು ಹಲ್ಲು. ಪೇಸ್ಟಿನ ಫ್ಲೋರೈಡ್ ಹಲ್ಲಿನ ಮೇಲ್ಪದರ ಗಟ್ಟಿಯಾಗಿರಲು ನೆರವಾಗುತ್ತದೆ. ಅದು ಕೆಲಸ ಮಾಡುವುದು ಹಲ್ಲಿನ ಮೇಲೆ; ನುಂಗಬೇಕಾಗಿಲ್ಲ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಹಿಂಡುವುದು ಪೇಸ್ಟ್ ಮಾರುವವರ ಅಳತೆ.

ಈಗ ಊರಿನ ಕಡೆ ಬನ್ನಿ. ಪಾವಗಡ, ಬಾಗೇಪಲ್ಲಿ, ಮುಂಡರಗಿ, ರಾಯಚೂರು, ಕೊಪ್ಪಳದ ಕಡೆ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ನಮ್ಮ ದೇಶದ ಮಾನದಂಡ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಲೆಕ್ಕ ಹಾಕೋಣ. ಇಲ್ಲಿ ಮಾರುವ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ ಮೀರುವಂತಿಲ್ಲ. ಬಟಾಣಿಯಷ್ಟು, ಅಂದರೆ ಸುಮಾರು ಕಾಲು ಗ್ರಾಂ ಪೇಸ್ಟನ್ನು ಮಗು ಪೂರ್ತಿ ನುಂಗಿದರೂ ಹೊಟ್ಟೆಗೆ ಹೋಗುವುದು ಕಾಲು ಮಿಲಿಗ್ರಾಂ. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರ್ ನೀರನ್ನು ದಿನಕ್ಕೆ ಒಂದು ಲೀಟರ್ ಕುಡಿದರೆ ಅದರ ಹನ್ನೆರಡು ಪಟ್ಟು!

ಬೇಸಿಗೆ ರಜೆಗೆಂದು ಒಂದು ತಿಂಗಳು ಹೋಗಿ ಬಂದರೆ ಗಾಬರಿ ಬೇಡ. ಆದರೆ ದುಡಿಮೆಗೆಂದು ಅಪ್ಪ ಅಮ್ಮ ಹೈದರಾಬಾದಿನಲ್ಲಿ, ಮಗು ವರ್ಷಗಟ್ಟಲೆ ಅಜ್ಜಿಯ ಹತ್ತಿರ ಇದ್ದರೆ ವಿಚಾರಿಸಲೇಬೇಕು. ಸುಮಾರು ಎಂಟು ವರ್ಷದವರೆಗೆ ಒಸಡಿನೊಳಗೆ ಶಾಶ್ವತ ಹಲ್ಲುಗಳ ಮೇಲ್ಪದರ ತಯಾರಾಗುತ್ತಿರುತ್ತದೆ. ಆಗ ಫ್ಲೋರೈಡ್ ಹೆಚ್ಚಾದರೆ ಹಲ್ಲು ಹುಟ್ಟುವಾಗಲೇ ಸುಣ್ಣದಂಥ ಬಿಳಿ ಗೆರೆ, ಕಂದು ಮಚ್ಚೆ. ಉಜ್ಜಿದರೆ ಹೋಗದು. "ಸರಿಯಾಗಿ ಹಲ್ಲುಜ್ಜಲ್ಲ" ಎಂದು ಪಾಪ ಮಗುವನ್ನು ಬೈಯುತ್ತಿರುತ್ತೇವೆ.

ಊಟದ ಪಾತ್ರವೂ ದೊಡ್ಡದು. ತೆಲಂಗಾಣದ ನಲ್ಗೊಂಡದಲ್ಲಿ ಮಂಡಿ ಒಳಕ್ಕೆ ಬಾಗಿದ ಮಕ್ಕಳನ್ನು 1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪರೀಕ್ಷಿಸಿದಾಗ, ನೀರಿನ ಫ್ಲೋರೈಡ್ ಜೊತೆಗೆ ಊಟದಲ್ಲಿ ಕ್ಯಾಲ್ಸಿಯಂ ಕೊರತೆಯೂ ಸೇರಿದ್ದು ಕಂಡುಬಂತು. ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಇದ್ದರೆ ಫ್ಲೋರೈಡಿನ ಒಂದು ಪಾಲು ಅದಕ್ಕೆ ಅಂಟಿಕೊಂಡು ಮಲದಲ್ಲೇ ಹೋಗುತ್ತದೆ.

ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಐವತ್ತು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 175, ಒಂದು ಲೋಟ ಹಾಲಿನಲ್ಲಿ 240ರ ಆಸುಪಾಸು. ಮೊಸರು, ಎಳ್ಳು, ನುಗ್ಗೆಸೊಪ್ಪು ಸೇರಿಸಿದರೆ ಆಯಿತು. ಪಟ್ಟಣಕ್ಕೆ ಬಂದು ರಾಗಿ ಅಂಬಲಿ ಬಿಟ್ಟು ಚಹಾ-ಬಿಸ್ಕತ್ತು ಹಿಡಿದ ಮನೆಗಳೇ ಹೆಚ್ಚು. ಚಹಾ ಎಲೆಯಲ್ಲೂ ಫ್ಲೋರೈಡ್ ಇದೆ, ಮಕ್ಕಳಿಗೆ ಅದು ಬೇಡ. ಜೊತೆಗೆ ನೆಲ್ಲಿಕಾಯಿ, ಸೀಬೆಹಣ್ಣು, ಸ್ವಲ್ಪ ಬಿಸಿಲು. ಹುಣಸೆಹಣ್ಣು ತಿಂದ ಮಕ್ಕಳ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚು ಹೊರಹೋಗುವುದನ್ನೂ ಅದೇ ಸಂಸ್ಥೆಯವರು ಕಂಡಿದ್ದಾರೆ. ನಮ್ಮ ಸಾರಿಗೆ ಅದು ಹೇಗೂ ಬೀಳುತ್ತದೆ! ಆದರೆ ಕೆಟ್ಟ ನೀರನ್ನೇ ಕುಡಿಸುತ್ತಾ ಊಟದಿಂದ ಸರಿಮಾಡುತ್ತೇನೆ ಎಂದರೆ ಆಗದು.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಯುವಿ ಫಿಲ್ಟರ್ ಕೂಡ ತೆಗೆಯದು. ಆರ್‌ಒ ಬಹುಪಾಲು ತೆಗೆಯುತ್ತದೆ. ಅದು ಕ್ಯಾಲ್ಸಿಯಂ ಕೂಡ ತೆಗೆಯುತ್ತದೆ ನಿಜ, ಆದರೆ ನೀರಿನಿಂದ ಸಿಗುವ ಕ್ಯಾಲ್ಸಿಯಂ ಹಾಲು-ರಾಗಿಯ ಮುಂದೆ ಕಡಿಮೆಯೇ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಮಗುವಿಗೆ ಕುಡಿಯಲು ಮಾತ್ರವಲ್ಲ, ಅಡುಗೆಗೂ ಅದೇ ನೀರು ಬಳಸಲು ಅಜ್ಜಿಗೆ ಹೇಳಿ. ಬೋರ್ ನೀರಿನ ಪರೀಕ್ಷೆಯ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಪಟ್ಟಣದಲ್ಲೂ ಬೇಸಿಗೆಯಲ್ಲಿ ಟ್ಯಾಂಕರ್ ಬಂದರೆ, ಅದು ಯಾವ ಬೋರಿನದು ಎಂದು ಸೊಸೈಟಿಯವರನ್ನು ಒಮ್ಮೆ ವಿಚಾರಿಸಿ.