ಬಣ್ಣಕ್ಕೆ ಮೊದಲು ಸೋರಿಕೆ

ಮಂಗಳೂರಿನ ಕೊಟ್ಟಾರದಂತಹ ಕಡಲ ಸಮೀಪದ ಊರಿನಲ್ಲಿ ಉಪ್ಪಿನ ಕಣಗಳು ಗಾಳಿಯೊಡನೆ ಬಂದು ಕಾರಿನ ಬಾನೆಟ್ಟಿನೊಳಗೂ ಕುಳಿತುಕೊಳ್ಳುತ್ತವೆ. ಗಾಳಿಯ ತೇವ ಸುಮಾರು ಶೇಕಡಾ 75ನ್ನು ಮೀರಿದಾಗ ಉಪ್ಪು ನೀರನ್ನು ಹೀರಿ ಕರಗುತ್ತದೆ. ಬಣ್ಣ ಬಿರಿದ ಎಡೆಯಲ್ಲಿ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅಲ್ಲಿ ಮತ್ತೆ ಬಣ್ಣ ಬಳಿಯುವುದು ಬರಿಯ ಅಲಂಕಾರವಲ್ಲ.

ಆದರೆ ಬಣ್ಣ ಎದ್ದುದೇಕೆಂಬುದನ್ನು ನಾವು ಮೊದಲು ತಿಳಿಯಬೇಕು. ಎಣ್ಣೆಯ ಪಸೆಯ ಮೇಲೆ ಬಣ್ಣ ನಿಲ್ಲದು. ಸಾಮಾನ್ಯ ಬಳಕೆಯ ಗ್ಲೈಕಾಲ್ ಬಗೆಯ ಬ್ರೇಕ್ ದ್ರವವಂತೂ ಬಣ್ಣವನ್ನೇ ಮೆದುವಾಗಿಸಿ ಸುಲಿಯುತ್ತದೆ.

ರಾತ್ರಿ ಗಾಡಿಯ ಕೆಳಗೆ ಬಿಳಿಯ ರಟ್ಟನ್ನು ಹಾಸಿ ಬೆಳಗ್ಗೆ ನೋಡೋಣ. ಕಂದು ಅಥವಾ ಕಪ್ಪು ಜಿಡ್ಡು ಸಾಮಾನ್ಯವಾಗಿ ಎಂಜಿನ್ ಎಣ್ಣೆ. ಹಸಿರು ಅಥವಾ ಕಿತ್ತಳೆಯ ಹನಿ ಬಹುಮಟ್ಟಿಗೆ ರೇಡಿಯೇಟರಿನದು. ಬ್ರೇಕಿನ ಮಾಸ್ಟರ್ ಸಿಲಿಂಡರಿನ ಕೆಳಗೆ ಬಣ್ಣ ಸುಲಿದಿದ್ದರೆ ಅಲ್ಲಿಯೇ ಸೋರಿಕೆಯೆಂದು ಶಂಕಿಸಬೇಕು. ಇದನ್ನು ಉಪೇಕ್ಷಿಸಿದರೆ ಪ್ರಾಣಕ್ಕೇ ಅಪಾಯ. ದ್ರವ ತಗ್ಗಿ ಕೊಳವೆಗೆ ಗಾಳಿ ಹೊಕ್ಕರೆ, ಗಾಳಿಯೇ ಕುಗ್ಗುವುದರಿಂದ ಪಾದದ ಒತ್ತಡ ಚಕ್ರಗಳಿಗೆ ಪೂರ್ಣವಾಗಿ ಮುಟ್ಟದು.

ಆದುದರಿಂದ ಮೊದಲು ಸೋರಿಕೆಯ ದುರಸ್ತಿ. ಬಳಿಕ ಜಿಡ್ಡನ್ನು ತೆಗೆದು, ಉಪ್ಪು ಹೋಗುವಂತೆ ಸಿಹಿನೀರಿನಿಂದ ತೊಳೆದು, ಒಣಗಿಸಿ, ತುಕ್ಕನ್ನು ಉಜ್ಜಿ, ಪ್ರೈಮರ್ ಹಚ್ಚಬೇಕು. ಬಣ್ಣದ ಸರದಿ ಕೊನೆಗೆ. ಮಳೆಗಾಲಕ್ಕೆ ಮುನ್ನ ಈ ಕೆಲಸ ಮುಗಿಸುವುದು ಲೇಸು.