ಗೆರೆಯ ಆಚೆ, ಗೆರೆಯ ಈಚೆ

ಹಲವು ಜನಾಂಗಗಳೂ ಹಲವು ಭಾಷೆಗಳೂ ಕೂಡಿರುವ ರಾಜ್ಯಗಳಲ್ಲಿ ಅಲ್ಪಸಂಖ್ಯಾತರನ್ನು ಹೇಗೆ ನಡೆಸಿಕೊಳ್ಳತಕ್ಕದ್ದೆಂಬ ಪ್ರಶ್ನೆಯು ದೊಡ್ಡ ದೊಡ್ಡ ಪರಿಷತ್ತುಗಳಿಗೆ ಸೇರಿದ್ದು. ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಯಲ್ಲಿ ಅದಕ್ಕೇನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಈ ಪ್ರಶ್ನೆಯು ನಮ್ಮ ಮನೆಯ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿಯೇ ಕುಳಿತಿದೆ. ನವಲಗುಂದ ಸೀಮೆಯ ನಮ್ಮ ಹಿರಿಯರ ಹೊಲದ ಹಳೆಯ ಕಾಗದಪತ್ರಗಳು ಅದರಲ್ಲಿವೆ. ಅವು ಕನ್ನಡದವಲ್ಲ, ಮರಾಠಿಯವು, ಅದೂ ಮೋಡಿ ಲಿಪಿಯಲ್ಲಿ ಬರೆದವು. ನಮ್ಮ ಮುತ್ತಜ್ಜನ ತಂದೆಗೆ ಮರಾಠಿಯ ಅಕ್ಷರವು ತಿಳಿಯುತ್ತಿರಲಿಲ್ಲವಂತೆ. ತನ್ನ ಎರೆಹೊಲದ ಬದುವು ಎಲ್ಲಿಗೆ ಮುಗಿಯುವದೆಂಬುದನ್ನು ಕಾಗದದಿಂದ ತಿಳಿಯಬೇಕಾದರೆ ಅವನು ಮತ್ತೊಬ್ಬನ ಬಾಯಿಯನ್ನೇ ನೋಡಬೇಕಾಗುತ್ತಿತ್ತು. ಓದಿ ಹೇಳಿದವನು ಸರಿಯಾಗಿಯೇ ಹೇಳಿದನೋ ಇಲ್ಲವೋ, ದೇವರೇ ಬಲ್ಲ.

1818ರಲ್ಲಿ ಪೇಶವಾಯಿಯು ಮುಗಿದ ಮೇಲೆ ನಮ್ಮ ಭಾಗವು ಮುಂಬಯಿ ಇಲಾಖೆಗೆ ಸೇರಿತು. 1862ರಲ್ಲಿ ಉತ್ತರ ಕನ್ನಡವೂ ಬಂದು ಕೂಡಿತು. ಉಳಿದ ಕನ್ನಡಿಗರು ಮೈಸೂರು, ಮದ್ರಾಸು, ಹೈದರಾಬಾದು, ಕೊಡಗುಗಳಲ್ಲಿ ಹಂಚಿಹೋದರು. ಹೀಗಾಗಿ ಊರೊಳಗೆ ಎಲ್ಲಿ ನೋಡಿದರೂ ನಮ್ಮವರೇ ಇದ್ದರೂ ಇಲಾಖೆಯ ಲೆಕ್ಕದಲ್ಲಿ ನಾವು ಸ್ವಲ್ಪ ಜನ. ಕುಂದಗೋಳದ ಸ್ಥಿತಿಯು ಮತ್ತಷ್ಟು ವಿಚಿತ್ರ. ಸುತ್ತಲೂ ಧಾರವಾಡ ಜಿಲ್ಲೆಯೇ ಇದ್ದರೂ ಆ ಊರು ಮಾತ್ರ ಜಮಖಂಡಿಯ ಪಟವರ್ಧನ ಸಂಸ್ಥಾನಕ್ಕೆ ಸೇರಿದ್ದು, 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೂ ಹಾಗೆಯೇ ಇತ್ತು.

ಮರಾಠಿಯ ಮೇಲೆ ನಮಗೆ ದ್ವೇಷವಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಕುಂದಗೋಳದ ಸವಾಯಿ ಗಂಧರ್ವರು ಹೆಸರು ಗಳಿಸಿದ್ದು ಮರಾಠಿ ರಂಗಭೂಮಿಯ ಮೇಲೆಯೇ. ಭಾಷೆಯು ಬೇರೆ, ಅದನ್ನು ಕಚೇರಿಯ ಬಾಗಿಲಿಗೆ ಅಗಳಿಯಾಗಿ ಹಾಕುವದು ಬೇರೆ. ಆ ಅಗಳಿಯನ್ನು ಸರಿಸಿದವರು ಬಹುತರವಾಗಿ ಶಾಲೆಯ ಜನರೇ. ಡೆಪ್ಯುಟಿ ಚೆನ್ನಬಸಪ್ಪನವರು ವಿದ್ಯಾಖಾತೆಯಲ್ಲಿದ್ದುಕೊಂಡು ಕನ್ನಡ ಶಾಲೆಗಳಿಗಾಗಿ ದುಡಿದು 1881ರಲ್ಲಿ ತೀರಿಕೊಂಡರು. 1890ನೆಯ ಇಸವಿಯ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಮುಂದಾಗಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಹುಟ್ಟಿಸಿದರು. ಅಲ್ಲಿಂದ 1956ರ ನವೆಂಬರ 1ನೆಯ ತಾರೀಖಿನವರೆಗಿನ ಕಥೆಯನ್ನು ವಾಚಕರು ಬಲ್ಲರು.

ದೂರದೇಶಗಳಲ್ಲಿ ಇದೇ ಕಥೆಯು ಹೆಚ್ಚು ಕ್ರೂರವಾಗಿ ನಡೆದಿದೆ. ಪೋಲಂಡವನ್ನು ಮೂವರು ಅರಸರು ಹಂಚಿಕೊಂಡಿದ್ದ ಕಾಲದಲ್ಲಿ ಪ್ರಶಿಯದ ಪಾಲಿಗೆ ಬಂದ ವ್ಜೆಶ್ನ್ಯಾ ಎಂಬ ಊರಿನ ಶಾಲೆಯಲ್ಲಿ, 1901ರಲ್ಲಿ, ಧರ್ಮಪಾಠವನ್ನು ಕೂಡ ಜರ್ಮನ ಭಾಷೆಯಲ್ಲಿಯೇ ಒಪ್ಪಿಸಬೇಕೆಂದು ಕಟ್ಟಪ್ಪಣೆಯಾಯಿತು. ಮಕ್ಕಳು ಬಾಯಿ ತೆರೆಯಲಿಲ್ಲ. ಬೆತ್ತದ ಏಟುಗಳು ಬಿದ್ದವು. ಕೇಳಲು ಬಂದ ತಾಯಿತಂದೆಗಳಲ್ಲಿ ಹಲವರಿಗೆ ಸೆರೆವಾಸವಾಯಿತು. ದೇವರೊಡನೆ ಯಾವ ಭಾಷೆಯಲ್ಲಿ ಮಾತಾಡಬೇಕೆಂಬುದನ್ನು ಸರಕಾರವು ಹೇಳಿಕೊಟ್ಟ ಆ ಪ್ರಸಂಗವನ್ನು ಓದಿದಾಗ, ಬೆತ್ತ ಹಿಡಿದ ಕೈಯವರಾದ ನಮಗೆ ಮೈ ಜುಮ್ಮೆಂದಿತು.

ಹಂಗೇರಿಯ ಸಂಗತಿಯು ಇದಕ್ಕಿಂತಲೂ ವಿಚಾರಕ್ಕೆ ಹಚ್ಚುವಂಥದು. ಆ ದೇಶವು 1868ರಲ್ಲಿಯೇ ಸ್ಲೋವಾಕ, ರುಮಾನಿಯ ಮೊದಲಾದ ಜನಾಂಗಗಳ ಭಾಷೆಗಳಿಗೆ ಹಕ್ಕು ಕೊಡುವ ಒಳ್ಳೆಯ ಕಾಯದೆಯನ್ನು ಬರೆದಿತ್ತು. ಆದರೆ ಅದು ಕಾಗದದ ಮೇಲೆಯೇ ಒಣಗಿತು. 1907ರ ಕಾಯದೆಯ ಪ್ರಕಾರ ಆ ಮಕ್ಕಳು ನಾಲ್ಕನೆಯ ವರ್ಷದ ಕೊನೆಗೆ ಹಂಗೇರಿಯ ಭಾಷೆಯಲ್ಲಿ ತಮ್ಮ ಮನಸ್ಸನ್ನು ತಿಳಿಸಲೇಬೇಕಾಯಿತು. ಮುಂದೆ ಮಹಾಯುದ್ಧದಲ್ಲಿ ಸೋಲಾಗಿ, 1920ರ ಒಪ್ಪಂದದಿಂದ ಗೆರೆಯು ಸರಿಯಿತು. ನಿನ್ನೆಯವರೆಗೆ ಅಪ್ಪಣೆ ಮಾಡುತ್ತಿದ್ದ ಹಂಗೇರಿಯವರಲ್ಲಿ ಸುಮಾರು 30 ಲಕ್ಷ ಜನರು ರುಮಾನಿಯ ಮೊದಲಾದ ನೆರೆಯ ರಾಜ್ಯಗಳಲ್ಲಿ ಅಲ್ಪಸಂಖ್ಯಾತರಾಗಿ ಎಚ್ಚತ್ತರು. ಆಗ ಅವರಿಗೂ ತಮ್ಮ ಮಕ್ಕಳ ಶಾಲೆಯ ಚಿಂತೆ ಹತ್ತಿತು.

ನಮ್ಮಲ್ಲಿಯೂ 1956ರಲ್ಲಿ ಗೆರೆಯು ಸರಿಯಿತಷ್ಟೆ. ಅದು ನಮ್ಮನ್ನು ಒಂದುಗೂಡಿಸಿತು. ಅದೇ ದಿನ ಕಾಸರಗೋಡಿನ ಕನ್ನಡಿಗರನ್ನು ಕೇರಳದಲ್ಲಿಯೂ, ಅಕ್ಕಲಕೋಟೆ-ಜತ್ತಗಳ ಕನ್ನಡಿಗರನ್ನು ಮುಂಬಯಿ ರಾಜ್ಯದಲ್ಲಿಯೂ ಬಿಟ್ಟಿತು. ಖಾನಾಪುರ-ಬೆಳಗಾವಿಗಳ ಮರಾಠಿಗರು ಈಚೆಗೆ ಉಳಿದರು. ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವು ಮೈಸೂರಿಗೆ ಸೇರಬೇಕೆಂದು ಅದರಲ್ಲಿತ್ತು. ಆ ವರದಿಯು ಜಾರಿಗೆ ಬರಲಿಲ್ಲ. ಇಂಥವರ ಸಲುವಾಗಿಯೇ 1956ರಲ್ಲಿ ಸಂವಿಧಾನಕ್ಕೆ 350-ಎ ಎಂಬ ಅನುಚ್ಛೇದವನ್ನು ಸೇರಿಸಿದರು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ದೊರೆಯುವಂತೆ ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು ಅದರ ಅರ್ಥ. "ಪ್ರಯತ್ನಿಸತಕ್ಕದ್ದು" ಎಂಬ ಕ್ರಿಯಾಪದದ ಬಲವೆಷ್ಟೆಂಬುದನ್ನು ಮನೆಪಾಠ ಕೊಟ್ಟು ನೋಡಿದ ಮಾಸ್ತರರು ಬಲ್ಲರು.

ಉರ್ದು, ಮರಾಠಿಗಳಿಗೆ ನಮ್ಮ ರಾಜ್ಯದಲ್ಲಿ ಸರಕಾರಿ ಶಾಲೆಗಳುಂಟು. ಅದು ಸಂತೋಷದ ಮಾತೇ. ಆದರೆ ಯಾವ ರಾಜ್ಯದಲ್ಲಿಯೂ ಬಹುಸಂಖ್ಯಾತರಲ್ಲದ, ತಮ್ಮದೇ ಆದ ಲಿಪಿಯೂ ಇಲ್ಲದ ಜನರ ಗತಿಯೇನು? ನಮ್ಮ ಕಲಘಟಗಿ ತಾಲೂಕಿನಲ್ಲಿಯೇ ಲಂಬಾಣಿ ತಾಂಡೆಗಳಿವೆ. ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ನಾಡೆಲ್ಲ ತಿರುಗುತ್ತಿದ್ದ ಈ ಜನರ ಉದ್ಯೋಗವನ್ನು ರೈಲುಗಾಡಿಯು ಕಸಿದುಕೊಂಡಿತು. ಮೇಲಾಗಿ 1871ರಲ್ಲಿ ಬ್ರಿಟಿಶರು ಮಾಡಿದ 'ಅಪರಾಧಿ ಬುಡಕಟ್ಟುಗಳ' ಕಾಯದೆಯ ಕಳಂಕವು ಹಲವು ಪ್ರಾಂತಗಳಲ್ಲಿ ಇವರಿಗೂ ಅಂಟಿತು. ಹುಟ್ಟಿನಿಂದಲೇ ಮನುಷ್ಯನನ್ನು ಕಳ್ಳನೆಂದು ಎಣಿಸಿದ ಆ ಕಾಯದೆಯು ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, 1952ರಲ್ಲಿ. ಇಂದು ಇವರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅಣ್ಣನ ಮನೆ ಗೆರೆಯ ಈಚೆ, ತಮ್ಮನ ಮನೆ ಗೆರೆಯ ಆಚೆ ಇದ್ದರೆ ಇಬ್ಬರ ಪಟ್ಟಿಯೂ ಬೇರೆ. ಅದೇ ತಾಲೂಕಿನ ಕಾಡಂಚಿನ ಸಿದ್ದಿಗಳನ್ನು ನೋಡಿರಿ. ಆಫ್ರಿಕದಿಂದ ಬಂದ ಹಿರಿಯರ ಸಂತಾನದವರಾದ ಇವರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಆದರೆ ಉತ್ತರ ಕನ್ನಡ ಜಿಲ್ಲೆಯವರು ಮಾತ್ರ. ಹಳಿಯಾಳದ ಸಿದ್ದಿಗೆ ಸಿಕ್ಕ ಹಕ್ಕು ಗಡಿ ದಾಟಿ ಕಲಘಟಗಿಯ ಸಿದ್ದಿಗೆ ತಲುಪುವದಕ್ಕೆ 2020ರ ಕಾಯದೆಯೇ ಬರಬೇಕಾಯಿತು. ಹದಿನೇಳು ವರ್ಷಗಳಲ್ಲಿ ಒಂದು ಕೂಸು ಕಾಲೇಜಿನ ಮೆಟ್ಟಿಲಿಗೆ ಬರುತ್ತದೆ.

ಇಷ್ಟು ಹೇಳಿದ ಮೇಲೆ ನಮ್ಮ ತಪ್ಪನ್ನೂ ಹೇಳಬೇಕು. 1991ರ ಜೂನ ತಿಂಗಳಲ್ಲಿ ನಾವು ಕಲಘಟಗಿ ಸೀಮೆಯ ಒಂದು ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸುತ್ತಿದ್ದೆವು. ತಾಂಡೆಯಿಂದ ಬಂದ ಒಬ್ಬ ಹುಡುಗನು ಮೊದಲನೆಯ ದಿನವೇ ಬಾಗಿಲ ಕಡೆಗೆ ನೋಡುತ್ತ "ಯಾಡಿ, ಯಾಡಿ" ಎಂದು ಅಳತೊಡಗಿದನು. ನಮ್ಮ ಕಡೆಯ ಹಳ್ಳಿಗರು ಎರಡಕ್ಕೆ 'ಯಾಡ' ಅನ್ನುತ್ತಾರಷ್ಟೆ. ಹುಡುಗನು ಅಂಕಿ ಹೇಳುತ್ತಿದ್ದಾನೆಂದು ತಿಳಿದು ನಾವು ಅವನ ಪಾಟಿಯ ಮೇಲೆ ದೊಡ್ಡದಾಗಿ 2 ಎಂದು ಬರೆದುಕೊಟ್ಟೆವು. ಅವನು ಅದನ್ನು ನೋಡಿ ಇನ್ನೂ ಗಟ್ಟಿಯಾಗಿ ಅತ್ತನು. ನಾವು ಗದರಿಸಿದೆವು. ಮರುದಿನದಿಂದ ಅವನು ಅಳಲಿಲ್ಲ, ಮಾತೂ ಆಡಲಿಲ್ಲ. ದೀಪಾವಳಿಯವರೆಗೂ ಆ ಹುಡುಗನ ದನಿಯನ್ನು ನಾವು ಕೇಳಲಿಲ್ಲ. ಮಂದಬುದ್ಧಿಯವನೆಂದು ನಮ್ಮ ನಿರ್ಣಯವೂ ಆಗಿಹೋಗಿತ್ತು.

ಒಂದು ದಿನ ಅವನ ಅಜ್ಜನು ಬಂದಾಗ ಸಹಜವಾಗಿ ಕೇಳಿದೆವು. ಲಂಬಾಣಿಯಲ್ಲಿ ಯಾಡಿಯೆಂದರೆ ತಾಯಿ.

ಸಂಸ್ಕೃತದ ಧಾತುಪಾಠದಲ್ಲಿ ಮ್ಲೇಚ್ಛ ಧಾತುವಿಗೆ ಅಸ್ಪಷ್ಟವಾಗಿ ನುಡಿಯುವದೆಂಬ ಅರ್ಥವಿದೆ. ಗ್ರೀಕರು ತಮಗೆ ತಿಳಿಯದ ಭಾಷೆಯವರನ್ನು ಬರ್ಬರರೆಂದು ಕರೆದದ್ದೂ ಹೀಗೆಯೇ. ಇದನ್ನೆಲ್ಲ ನಾವು ಬಾಯಿಪಾಠ ಮಾಡಿದ್ದೆವು. ಅಸ್ಪಷ್ಟತೆಯು ಆಡುವವನ ಬಾಯಲ್ಲಿಯೋ ಕೇಳುವವನ ಕಿವಿಯಲ್ಲಿಯೋ ಎಂಬ ಸಂಶಯವು ಮಾತ್ರ ಆ ದಿನದವರೆಗೂ ಬಂದಿರಲಿಲ್ಲ. ಆ ಅಜ್ಜನನ್ನು ಕೂಡಿಸಿಕೊಂಡು ರೊಟ್ಟಿಗೆ ಬಾಟಿ, ನೀರಿಗೆ ಪಾಣಿ ಎಂದು ಮೊದಲಾಗಿ ಅರವತ್ತು ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಪಾಟಿನ ಒಳಬಾಗಿಲಿಗೆ ಅಂಟಿಸಿದೆವು. ಹುಡುಗನು ಯುಗಾದಿಯ ಹೊತ್ತಿಗೆ ಕನ್ನಡದ ಕಾಗುಣಿತವನ್ನು ತಪ್ಪಿಲ್ಲದೆ ಬರೆಯುತ್ತಿದ್ದನು.

ಕಳೆದ ವರ್ಷ ಅನ್ನಿಗೇರಿಯ ಅಮೃತೇಶ್ವರ ಗುಡಿಯ ಮುಂದೆ ಒಬ್ಬ ಮಧ್ಯವಯಸ್ಕನು ಕಾಲು ಮುಟ್ಟಿ ನಮಸ್ಕರಿಸಿದನು. ಅವನೇ ಇವನು. ಈಗ ಗೋವೆಯಲ್ಲಿ ಗೌಂಡಿಕೆಲಸ ಮಾಡಿಕೊಂಡು ಸಂಸಾರಸಮೇತ ಅಲ್ಲಿಯೇ ಇದ್ದಾನೆ.

"ಗುರುಗಳ, ನನ್ನ ಮಗಾ ಅಲ್ಲಿ ಸಾಲಿಗೆ ಹೊಂಟಾನ್ರಿ. ಅಂವಗ ನಮ್ಮ ಮಾತು ಬರತೈತಿ, ಕನ್ನಡಾ ಬರತೈತಿ. ಎರಡೂ ಅಲ್ಲಿ ಬಾಯಾರಿಗೆ ತಿಳಿಯೂದಿಲ್ರಿ. ಸುಮ್ಮನ ಕೂತು ಬರತಾನ. ನೀವು ಕಪಾಟಿಗೆ ಹಚ್ಚಿದ್ರೆಲ್ಲಾ, ಆ ಕಾಗದಾ ಐತೇನ್ರಿ?"

ಆ ಕಾಗದವು ಶಾಲೆಯ ಕಪಾಟಿನ ಸಂಗಡವೇ ಎಂದೋ ಹೋಗಿತ್ತು. ಅದರ ನಕಲು ಮಾತ್ರ ನಮ್ಮ ಹಳೆಯ ಟಿಪ್ಪಣಿವಹಿಯಲ್ಲಿ ಸಿಕ್ಕಿತು. ಅಲ್ಲಿಯ ಬಾಯಿಯವರಿಗೆ ಕನ್ನಡದ ಅಕ್ಷರವು ಬಾರದಾದ್ದರಿಂದ ಎಲ್ಲವನ್ನೂ ನಾಗರಿಯಲ್ಲಿ ತಿರುಗಿ ಬರೆದೆವು. ಒಂದು ಕಡೆಗೆ ಲಂಬಾಣಿ, ನಡುವೆ ಕನ್ನಡ, ಮೂರನೆಯ ಸಾಲಿನಲ್ಲಿ ನಮಗೆ ಬರುವಷ್ಟು ಮರಾಠಿ. ಮುತ್ತಜ್ಜನ ತಂದೆಯ ಕಾಗದಗಳ ಪೆಟ್ಟಿಗೆಯನ್ನೇ ಮೇಜಿನಂತೆ ಮುಂದಿಟ್ಟುಕೊಂಡು ಕುಳಿತು, ಮೊಟ್ಟಮೊದಲಿಗೆ 'ಯಾಡಿ' ಎಂದು ಬರೆದೆವು; ಅದರ ಮುಂದೆ 'ತಾಯಿ', ಅದರ ಮುಂದೆ 'ಆಯಿ'.