ಆಫ್ರಿಕಾ ಪ್ರಯಾಣದ ಪೂರ್ವಸಿದ್ಧತೆ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ದಾಟಬೇಕಾದರೂ ನಾವು ಬುತ್ತಿ ಕಟ್ಟಿಕೊಂಡು, ಹೊತ್ತು ನೋಡಿ ಹೊರಡುವೆವು. ಹೀಗಿರಲು ಕಡಲಾಚೆಯ ಆಫ್ರಿಕಾ ಖಂಡಕ್ಕೆ ಹೋಗುವವರ ಸಿದ್ಧತೆ ಎಷ್ಟಿರಬೇಡ! ಇದು ತಮಗೆ ಸಂಬಂಧಿಸದ ವಿಷಯವೆಂದು ನಮ್ಮ ವಿದ್ಯಾರ್ಥಿನಿಯರು ಎಣಿಸಬಾರದು. ನೆರೆಯ ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಹಕ್ಕಿಪಿಕ್ಕಿ ಜನರು ಮೂಲಿಕೆಯ ತೈಲಗಳನ್ನು ಮಾರುವುದಕ್ಕಾಗಿ ಅನೇಕ ವರ್ಷಗಳಿಂದ ಆ ಖಂಡಕ್ಕೆ ಹೋಗಿಬರುತ್ತಿದ್ದಾರೆ.

ಪಾಸ್‌ಪೋರ್ಟು, ವೀಸಾಗಳ ತರುವಾಯ ಮುಖ್ಯವಾದುದು ಹಳದಿ ಜ್ವರದ ಲಸಿಕೆ. ಆಫ್ರಿಕಾದ ಅನೇಕ ದೇಶಗಳಲ್ಲಿ ಈ ಜ್ವರವನ್ನು ಸೊಳ್ಳೆಗಳು ಹರಡುತ್ತವೆ. ಪ್ರಯಾಣಕ್ಕೆ ಕಡಿಮೆಪಕ್ಷ 10 ದಿನ ಮುಂಚಿತವಾಗಿ, ಸರ್ಕಾರದಿಂದ ಅಂಗೀಕೃತವಾದ ಕೇಂದ್ರದಲ್ಲಿಯೇ ಲಸಿಕೆ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಪಡೆಯತಕ್ಕದ್ದು. 2016ರಿಂದ ಅದು ಜೀವಮಾನಪರ್ಯಂತ ಸಲ್ಲುತ್ತದೆ. ಪತ್ರವಿಲ್ಲದೆ ಆ ದೇಶಗಳಿಂದ ಮರಳಿದವರನ್ನು ಇಲ್ಲಿ 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಇಷ್ಟು ಕಟ್ಟುನಿಟ್ಟು ಏಕೆ? ಭಾರತದಲ್ಲಿ ಹಳದಿ ಜ್ವರವಿಲ್ಲ. ಆದರೆ ಅದನ್ನು ಹರಡಬಲ್ಲ ಸೊಳ್ಳೆಯುಂಟು. ಡೆಂಗ್ಯೂ ಜ್ವರವನ್ನು ತರುವುದೂ ಅದೇ. ಮುಚ್ಚಳವಿಲ್ಲದ ನಮ್ಮ ಹಂಡೆ, ತೊಟ್ಟಿಗಳಲ್ಲಿಯೇ ಅದು ಹುಟ್ಟುತ್ತದೆ. ಆದಕಾರಣ ಪ್ರಯಾಣಿಕನೊಬ್ಬನ ಲಸಿಕೆಯು ಊರಲ್ಲಿ ಉಳಿದವರಿಗೂ ರಕ್ಷೆ.

ಮಲೇರಿಯಾ ತಡೆಯುವ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಹೊರಡುವ ಮೊದಲೇ ಆರಂಭಿಸಿ, ಮರಳಿದ ಮೇಲೂ ಅವರು ಹೇಳಿದಷ್ಟು ದಿನ ಸೇವಿಸಬೇಕು. ಬಂದ ಬಳಿಕ ಜ್ವರ ಕಾಣಿಸಿದರೆ, ಎಲ್ಲಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ಮೊದಲು ತಿಳಿಸಬೇಕು.

ಇನ್ನೊಂದು ಮಾತು. 2023ರ ಏಪ್ರಿಲ್‌ನಲ್ಲಿ ಸೂಡಾನಿನಲ್ಲಿ ಯುದ್ಧವು ಹೊತ್ತಿಕೊಂಡಾಗ ಅನೇಕ ಹಕ್ಕಿಪಿಕ್ಕಿಗಳು ಅಲ್ಲಿ ಸಿಕ್ಕಿಕೊಂಡರು. ಭಾರತ ಸರ್ಕಾರವು ‘ಆಪರೇಷನ್ ಕಾವೇರಿ’ಯ ಮೂಲಕ ಜನರನ್ನು ಕರೆತಂದಿತು. ಆದ್ದರಿಂದ ಹೋಗುವವರು ತಮ್ಮ ವಿಳಾಸವನ್ನು ಅಲ್ಲಿಯ ಭಾರತೀಯ ರಾಯಭಾರ ಕಚೇರಿಗೂ ಮನೆಯವರಿಗೂ ಕೊಟ್ಟಿರತಕ್ಕದ್ದು. ಓದುಬಲ್ಲ ಹೆಣ್ಣುಮಕ್ಕಳು ಇಂಥ ಕಾಗದಪತ್ರಗಳನ್ನು ಹಿರಿಯರಿಗೆ ಓದಿ ತಿಳಿಸಿದರೆ ನಮ್ಮ ಶ್ರಮವು ಸಾರ್ಥಕವಾಗುವುದು.